ಜಡೆಯ ಬೇರು ಊಟದ ತಟ್ಟೆಯಲ್ಲಿದೆ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ- ಮಂಡ್ಯ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಯಾವ ಹಳ್ಳಿಯ ಅಂಗಡಿಯ ಮುಂದೆ ನಿಂತರೂ ತೋರಣ ಕಟ್ಟಿದಂತೆ ಶಾಂಪೂ ಪ್ಯಾಕೆಟ್‌ಗಳು ತೂಗಾಡುತ್ತಿರುತ್ತವೆ. ಅವುಗಳ ಪಕ್ಕದಲ್ಲಿ ಕೂದಲು ಉದುರುವುದನ್ನು ನಿಲ್ಲಿಸುವ, ಬೋಳುತಲೆಯಲ್ಲಿ ಕಾಡು ಬೆಳೆಸುವ ಭರವಸೆ ಹೊತ್ತ ಎಣ್ಣೆಯ ಶೀಸೆಗಳು. ಈ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಮೂರು ದಶಕಗಳ ಕಾಲ ವಿಜ್ಞಾನ ಬೋಧಿಸಿ ನಿವೃತ್ತನಾದ ನನ್ನನ್ನು ಹೆಣ್ಣುಮಕ್ಕಳು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಗುರುತ್ವಾಕರ್ಷಣೆಯದ್ದೂ ಅಲ್ಲ, ದ್ಯುತಿಸಂಶ್ಲೇಷಣೆಯದ್ದೂ ಅಲ್ಲ. ‘ಸಾ, ಕೂದ್ಲು ಉದುರ್ತವೆ, ಯಾವ ಎಣ್ಣೆ ಹಚ್ಕೋಬೇಕು?’ ಎಂಬುದೇ ಆ ಪ್ರಶ್ನೆ. ಅವರ ತಾಯಂದಿರ ಪ್ರಶ್ನೆಯೂ ಅದೇ ಆಗಿತ್ತು. ‘ಏಕೆ ಉದುರುತ್ತದೆ?’ ಎಂದು ಕೇಳಿದವರು ಬಹಳ ವಿರಳ.

ಈ ವ್ಯತ್ಯಾಸ ಸಣ್ಣದಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ (2019-21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಅದರ ಹಿಂದಿನ ಸುತ್ತಿನಲ್ಲಿ ಇದು ಶೇ 44.8 ಇತ್ತು. ಅಂದರೆ ಪರಿಸ್ಥಿತಿ ಸುಧಾರಿಸುವ ಬದಲು ಹದಗೆಟ್ಟಿದೆ. ಸರಿಸುಮಾರು ಪ್ರತಿ ಎರಡನೆಯ ಹೆಣ್ಣುಮಗಳ ರಕ್ತ ಸೊರಗಿರುವ ನಾಡಿನಲ್ಲಿ ಜಡೆ ಸೊರಗುವುದು ಆಶ್ಚರ್ಯವೇನೂ ಅಲ್ಲ. ಆದರೆ ಕನ್ನಡಿಯಲ್ಲಿ ಕಾಣುವುದು ಜಡೆಯೇ ಹೊರತು ರಕ್ತವಲ್ಲ. ಹಾಗಾಗಿ ಮನೆಯ ಹಣ ಎಣ್ಣೆಯ ಶೀಸೆಗೆ ಹೋಗುತ್ತದೆ, ಪುಕ್ಕಟೆಯಾಗಿ ಸಿಗುವ ರಕ್ತಪರೀಕ್ಷೆ ಹಾಗೆಯೇ ಉಳಿಯುತ್ತದೆ.

ಕೂದಲು ಬೆಳೆಯುವ ಬಗೆಯನ್ನು ತಿಳಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾದೀತು. ನಾವು ಬಾಚುವ, ಹೆಣೆಯುವ, ಹೂ ಮುಡಿಸುವ ಕೂದಲು ನಿರ್ಜೀವ ವಸ್ತು. ಅದು ಕೆರಾಟಿನ್ ಎಂಬ ಪ್ರೋಟೀನಿನ ಎಳೆ. ಉಗುರು ಕೂಡ ಅದೇ ವಸ್ತುವಿನಿಂದಾದದ್ದು. ಜೀವ ಇರುವುದು ಚರ್ಮದ ಒಳಗೆ, ಕೂದಲು ಹುಟ್ಟುವ ಪುಟ್ಟ ಕುಳಿಯಲ್ಲಿ. ಅದನ್ನು ಕೇಶಕೂಪ ಎನ್ನುತ್ತಾರೆ. ಅದರ ತಳದಲ್ಲಿ ಸೂಕ್ಷ್ಮ ರಕ್ತನಾಳಗಳಿದ್ದು, ದೇಹದಲ್ಲಿ ಅತಿ ವೇಗವಾಗಿ ವಿಭಜನೆಗೊಳ್ಳುವ ಜೀವಕೋಶಗಳಿಗೆ ಅನ್ನ ಒದಗಿಸುತ್ತವೆ. ಹೀಗೆ ಹುಟ್ಟಿದ ಕೋಶಗಳು ಮೇಲೆ ಮೇಲೆ ತಳ್ಳಲ್ಪಡುತ್ತಾ, ಗಟ್ಟಿಯಾಗುತ್ತಾ, ಸಾಯುತ್ತಾ ಕೂದಲಾಗಿ ಹೊರಬರುತ್ತವೆ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳವಣಿಗೆ. ಸೊಂಟದವರೆಗೆ ಇಳಿಬಿದ್ದ ಜಡೆಯ ತುದಿಯಲ್ಲಿ ಆ ಹೆಣ್ಣುಮಗಳು ಐದಾರು ವರ್ಷಗಳ ಹಿಂದೆ ಉಂಡ ಊಟ ಇರುತ್ತದೆ ಎಂದರೆ ಅತಿಶಯೋಕ್ತಿಯಲ್ಲ.

ತಲೆಯ ಮೇಲಿರುವ ಸುಮಾರು ಒಂದು ಲಕ್ಷ ಕೇಶಕೂಪಗಳು ತಾಯಿಯ ಗರ್ಭದಲ್ಲಿರುವಾಗಲೇ ರೂಪುಗೊಂಡಿರುತ್ತವೆ. ಹುಟ್ಟಿದ ಮೇಲೆ ಹೊಸದೊಂದು ಸೇರುವುದಿಲ್ಲ. ಹೀಗಿರುವಾಗ ಮಗುವಿನ ತಲೆ ಬೋಳಿಸಿದರೆ ಕೂದಲು ದಟ್ಟವಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಕ್ಷೌರದ ಕತ್ತಿ ತಾಗುವುದು ಚರ್ಮದ ಮೇಲಿನ ಸತ್ತ ಎಳೆಗೆ, ಒಳಗಿನ ಬುಡಕ್ಕಲ್ಲ. ಮೊದಲ ನವಿರಾದ ಕೂದಲು ಹೋಗಿ ವಯಸ್ಸಿಗೆ ತಕ್ಕಂತೆ ಒರಟು ಕೂದಲು ಬರುವ ಕಾಲಕ್ಕೇ ನಾವು ಜವುಳ ಮಾಡಿಸುವುದರಿಂದ ಶ್ರೇಯಸ್ಸು ಕತ್ತಿಗೆ ಹೋಗಿದೆ. ಚುಂಚನಗಿರಿಯ ಭೈರವನಿಗೆ ಮುಡಿ ಕೊಡುವವರ ಭಕ್ತಿಯನ್ನು ನಾನು ಪ್ರಶ್ನಿಸುತ್ತಿಲ್ಲ. ಹರಕೆ ಬೇರೆ, ಕೇಶವರ್ಧನೆ ಬೇರೆ. ನಮ್ಮ ಭಾಷೆಯೇ ಕೂದಲಿಗೆ ಕೊಟ್ಟ ಸ್ಥಾನ ದೊಡ್ಡದು. ಮುಡಿ ಎಂದರೆ ತುರುಬೂ ಹೌದು, ಕಿರೀಟವೂ ಹೌದು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಚೆಲುವನಾರಾಯಣ ಧರಿಸುವುದು ವೈರಮುಡಿ. ನಾಗಮಂಗಲದ ಹೊಯ್ಸಳರ ಕಾಲದ ಗುಡಿಯಲ್ಲಿ ನಿಂತವನು ಸೌಮ್ಯಕೇಶವ. ಕೇಶವನೆಂದರೆ ಚೆಲುವಾದ ಕೇಶವುಳ್ಳವನು ಎಂದೂ ಒಂದು ಅರ್ಥವಿದೆ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಹೆತ್ತವರ ಅಸ್ಥಿ ವಿಸರ್ಜಿಸಲು ಬಂದ ಮಗ ಮೊದಲು ಕಳೆದುಕೊಳ್ಳುವುದು ತಲೆಗೂದಲನ್ನೇ. ಇಷ್ಟೊಂದು ಮಹತ್ವದ ವಸ್ತು ಉದುರತೊಡಗಿದಾಗ ಜನ ಗಾಬರಿಯಾಗುವುದು ಸಹಜ.

ಆದರೆ ಎಲ್ಲ ಉದುರುವಿಕೆಯೂ ರೋಗವಲ್ಲ. ಪ್ರತಿ ಕೂದಲೂ ಎರಡರಿಂದ ಆರು ವರ್ಷ ಬೆಳೆದು, ಎರಡು ಮೂರು ವಾರ ಕುಗ್ಗಿ, ಸುಮಾರು ಮೂರು ತಿಂಗಳು ವಿಶ್ರಮಿಸಿ ಬೀಳುತ್ತದೆ. ಅದೇ ಕುಳಿಯಲ್ಲಿ ಹೊಸದು ಚಿಗುರುತ್ತದೆ. ದಿನಕ್ಕೆ 50ರಿಂದ 100 ಕೂದಲು ಬೀಳುವುದು ಈ ಲೆಕ್ಕದಲ್ಲೇ ಸೇರಿದೆ. ಈ ಕೂದಲಿಗೂ ಮಾರುಕಟ್ಟೆಯಿದೆ. ಬಾಚಣಿಗೆಯಲ್ಲಿ ಸಿಕ್ಕದ್ದನ್ನು ಉಂಡೆ ಮಾಡಿ ಗೋಡೆಯ ಸಂದಿಯಲ್ಲಿ ಸಿಕ್ಕಿಸಿಟ್ಟು, ಬೀದಿಯಲ್ಲಿ ಕೂಗುತ್ತಾ ಬರುವವರಿಗೆ ಕೊಟ್ಟು ಸ್ಟೀಲ್ ಪಾತ್ರೆ ಪಡೆಯುವ ರೂಢಿ ನಮ್ಮ ಹಳ್ಳಿಗಳಲ್ಲಿದೆ. ಹೀಗೆ ಸಂಗ್ರಹವಾಗುವ ಕೂದಲನ್ನು ಬಿಡಿಸಿ, ಹದ ಮಾಡಿ ಮಾರುವ ಉದ್ಯಮಕ್ಕೆ ಕೊಪ್ಪಳದ ಭಾಗ್ಯನಗರ ಹೆಸರುವಾಸಿಯಾಗಿದೆ.

ಚಿಂತಿಸಬೇಕಾದದ್ದು ಹಿಡಿ ಹಿಡಿಯಾಗಿ ಬೀಳತೊಡಗಿದಾಗ. ಇಲ್ಲಿ ಕೂದಲು ಒಂದು ವಿಚಿತ್ರ ಆಟವಾಡುತ್ತದೆ. ದೇಹಕ್ಕೆ ದೊಡ್ಡ ಪೆಟ್ಟು ಬಿದ್ದಾಗ- ಅದು ಹೆರಿಗೆಯಾಗಿರಬಹುದು, ಟೈಫಾಯ್ಡ್, ಡೆಂಗಿ, ಶಸ್ತ್ರಚಿಕಿತ್ಸೆ ಅಥವಾ ಹೊಟ್ಟೆಗಿಲ್ಲದ ದಿನಗಳಾಗಿರಬಹುದು- ಬಹಳಷ್ಟು ಕೇಶಕೂಪಗಳು ಒಮ್ಮೆಲೇ ಕೆಲಸ ನಿಲ್ಲಿಸಿ ವಿಶ್ರಾಂತಿಗೆ ಸರಿಯುತ್ತವೆ. ಆ ಕೂದಲು ಬೀಳುವುದು ಮಾತ್ರ ಎರಡು ಮೂರು ತಿಂಗಳ ನಂತರ. ಅಷ್ಟು ಹೊತ್ತಿಗೆ ಜ್ವರ ಮರೆತುಹೋಗಿರುತ್ತದೆ, ಕಣ್ಣಿಗೆ ಬೀಳುವುದು ಮೊನ್ನೆ ಬದಲಾಯಿಸಿದ ಶಾಂಪೂ. 2021ರ ಕೋವಿಡ್ ಎರಡನೇ ಅಲೆ ಇಳಿದ ಮೇಲೆ ಅನೇಕ ಮನೆಗಳಲ್ಲಿ ಇದೇ ನಡೆಯಿತು. ಲಸಿಕೆಯನ್ನು ಶಪಿಸಿದವರಿದ್ದರು, ನೀರನ್ನು ಶಪಿಸಿದವರಿದ್ದರು. ಮಗು ತಾಯಿಯ ಮುಖ ಗುರುತು ಹಿಡಿದು ನಗತೊಡಗಿದಾಗ ತಾಯಿಯ ಕೂದಲು ಉದುರುತ್ತದೆ ಎಂದು ನಮ್ಮ ಕಡೆಯ ಅಜ್ಜಿಯರು ಹೇಳುವುದುಂಟು. ಕಾರಣ ತಪ್ಪಿರಬಹುದು, ಆದರೆ ಮೂರು ತಿಂಗಳ ಲೆಕ್ಕ ಕರಾರುವಾಕ್ಕಾಗಿದೆ. ಹೀಗೆ ಉದುರಿದ್ದು ಸಾಮಾನ್ಯವಾಗಿ ಆರೇಳು ತಿಂಗಳಲ್ಲಿ ತಾನಾಗಿಯೇ ಮರಳುತ್ತದೆ. ಆ ಅವಧಿಯಲ್ಲಿ ಹಚ್ಚಿದ ಎಣ್ಣೆ ಯಾವುದೇ ಇರಲಿ, ಯಶಸ್ಸು ಅದರ ಪಾಲಿಗೆ ಬರುತ್ತದೆ. ಎಣ್ಣೆಯ ಉದ್ಯಮ ನಿಂತಿರುವುದೇ ಈ ಸಹಜ ಚೇತರಿಕೆಯ ಮೇಲೆ ಎಂಬುದು ನನ್ನ ಗುಮಾನಿ.

ಹೆರಿಗೆಯ ನಂತರ ಮರಳಬೇಕಾದ ಕೂದಲು ಮರಳದಿದ್ದರೆ ಅದಕ್ಕೆ ಒಂದು ಕಾರಣ ನಮ್ಮ ಬಾಣಂತನದ ಪಥ್ಯ. ಸೊಪ್ಪು ಶೀತ, ಮೊಟ್ಟೆ ಉಷ್ಣ, ಹಣ್ಣು ನೆಗಡಿ ಎಂದು ಒಂದೊಂದನ್ನೇ ತಟ್ಟೆಯಿಂದ ತೆಗೆದು, ಹೆರಿಗೆಯಲ್ಲಿ ರಕ್ತ ಕಳೆದುಕೊಂಡ ಹೆಂಗಸಿಗೆ ಅನ್ನ, ತುಪ್ಪ, ಮೆಣಸಿನ ಸಾರನ್ನಷ್ಟೇ ಉಳಿಸುವ ಮನೆಗಳು ಇಂದಿಗೂ ಇವೆ. ತಲೆಗೆ ಮಾತ್ರ ಹಂಡೆ ಹಂಡೆ ಬಿಸಿನೀರು.

ಎಣ್ಣೆ ನಿಷ್ಪ್ರಯೋಜಕ ಎಂದು ನಾನು ಹೇಳುತ್ತಿಲ್ಲ. ಕೆ.ಆರ್. ಪೇಟೆಯ ತೆಂಗಿನ ತೋಟಗಳ ನಡುವೆ ನಿಂತು ಹಾಗೆ ಹೇಳುವ ಧೈರ್ಯವೂ ನನಗಿಲ್ಲ. ಕೊಬ್ಬರಿ ಎಣ್ಣೆ ಕೂದಲಿನ ಎಳೆಯೊಳಗೆ ಇಳಿದು, ತೊಳೆಯುವಾಗ ಮತ್ತು ಬಾಚುವಾಗ ಆಗುವ ಪ್ರೋಟೀನ್ ನಷ್ಟವನ್ನು ತಗ್ಗಿಸುತ್ತದೆ ಎಂಬುದು 2003ರಲ್ಲಿ ಪ್ರಕಟವಾದ ಭಾರತೀಯ ಸಂಶೋಧಕರ ಅಧ್ಯಯನದಲ್ಲಿ ಕಂಡುಬಂದಿದೆ. ಖನಿಜ ತೈಲಕ್ಕೂ ಸೂರ್ಯಕಾಂತಿ ಎಣ್ಣೆಗೂ ಆ ಗುಣ ಇರಲಿಲ್ಲ. ಸ್ನಾನಕ್ಕೆ ಮೊದಲು ಕೊಬ್ಬರಿ ಎಣ್ಣೆ ಹಚ್ಚುವ ಅಜ್ಜಿಯ ಪದ್ಧತಿ ಇರುವ ಕೂದಲನ್ನು ತುಂಡಾಗದಂತೆ ಕಾಪಾಡುತ್ತದೆ. ಹೊಸ ಕೂದಲು ಹುಟ್ಟಿಸುವುದು ಅದರ ಕೈಲಾಗದು. ತಲೆಹೊಟ್ಟು ಇದ್ದವರಿಗಂತೂ ಎಣ್ಣೆ ಹಿತವಲ್ಲ. ಹೊಟ್ಟಿಗೆ ಕಾರಣವಾಗುವ ಸೂಕ್ಷ್ಮ ಶಿಲೀಂಧ್ರ ಬದುಕುವುದೇ ಜಿಡ್ಡನ್ನು ತಿಂದು. (ಈ ಎಣ್ಣೆ ತಲೆಗೋ ಅಡುಗೆಗೋ ಎಂಬ ತೆರಿಗೆ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿ, ಸಣ್ಣ ಪೊಟ್ಟಣದ ಶುದ್ಧ ಕೊಬ್ಬರಿ ಎಣ್ಣೆಯನ್ನು ಖಾದ್ಯ ತೈಲವೆಂದು ಪರಿಗಣಿಸಬಹುದೆಂದು 2024ರ ಡಿಸೆಂಬರ್‌ನಲ್ಲಿ ತೀರ್ಪಾಯಿತು. ನಮ್ಮ ಕಡೆಯವರಿಗೆ ಈ ತೀರ್ಪಿನಿಂದ ನಗು ಬಂದಿದ್ದರೆ ತಪ್ಪಿಲ್ಲ.)

ಇತ್ತೀಚಿನ ವರ್ಷಗಳಲ್ಲಿ ‘ಆದಿವಾಸಿ ಹೇರ್ ಆಯಿಲ್’ ಎಂಬ ಹೆಸರು ದೇಶದಾದ್ಯಂತ ಹರಡಿತು. ಅದರ ಮೂಲ ನಮ್ಮ ನೆರೆಯ ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಸಮುದಾಯ. ಬೇಟೆ ನಿಷೇಧವಾದ ಮೇಲೆ ಅಲೆದಾಡಿ, ಗಿಡಮೂಲಿಕೆ ಮಾರಿ ಬದುಕು ಕಟ್ಟಿಕೊಂಡ ಜನ ಇವರು. 2023ರ ಏಪ್ರಿಲ್‌ನಲ್ಲಿ ಸೂಡಾನ್‌ನಲ್ಲಿ ಸಂಘರ್ಷ ಭುಗಿಲೆದ್ದಾಗ ಅಲ್ಲಿ ಸಿಕ್ಕಿಬಿದ್ದ ಭಾರತೀಯರಲ್ಲಿ ಈ ಸಮುದಾಯದವರೂ ಇದ್ದರು. ಅವರ ಸಾಹಸವನ್ನೂ ಸಂಪಾದನೆಯನ್ನೂ ಅಣಕಿಸುವುದು ಸಣ್ಣತನ. ನನ್ನ ತಕರಾರು ಇರುವುದು ಭರವಸೆಯ ಬಗ್ಗೆ, ಅದನ್ನು ಯಾರೇ ಕೊಡಲಿ, ಹಳ್ಳಿಯ ವ್ಯಾಪಾರಿಯಾಗಲಿ, ಸಿನಿಮಾ ತಾರೆಯರನ್ನು ನಿಲ್ಲಿಸುವ ದೊಡ್ಡ ಕಂಪನಿಯಾಗಲಿ. ಬೋಳುತನ ವಾಸಿ ಮಾಡುವುದಾಗಿ, ಹೊಸ ಕೂದಲು ಬೆಳೆಸುವುದಾಗಿ ಯಾವ ಔಷಧವೂ ಹೇಳಿಕೊಳ್ಳಬಾರದೆಂದು 1945ರ ಔಷಧ ನಿಯಮಗಳ ‘ಜೆ’ ಅನುಸೂಚಿ ಸ್ಪಷ್ಟವಾಗಿ ಪಟ್ಟಿ ಮಾಡಿದೆ. ಸೌಂದರ್ಯವರ್ಧಕದ ಹೆಸರಿನಲ್ಲಿ ಬರುವ ಶೀಸೆಗಳು ಅದೇ ಮಾತನ್ನು ಸ್ವಲ್ಪ ತಿರುಗಿಸಿ ಹೇಳಿ ಬಚಾವಾಗುತ್ತವೆ. ಕಾನೂನು ಇದೆ, ಓದುವವರಿಲ್ಲ.

ಗಂಡಸರ ವಂಶಪಾರಂಪರ್ಯ ಬೋಳುತನದ ಕಥೆ ಬೇರೆ. ಅದು ಹಾರ್ಮೋನಿನ ಮತ್ತು ವಂಶವಾಹಿಗಳ ವಿಷಯ. ಮಿನಾಕ್ಸಿಡಿಲ್, ಫಿನಾಸ್ಟರೈಡ್‌ನಂಥ ಔಷಧಗಳು ಕೆಲವರಲ್ಲಿ ಅದನ್ನು ನಿಧಾನಗೊಳಿಸುತ್ತವೆ, ನಿಲ್ಲಿಸಿದರೆ ಫಲವೂ ನಿಲ್ಲುತ್ತದೆ. ವೈದ್ಯರನ್ನು ಕೇಳದೆ ಬಳಸುವಂಥವಲ್ಲ.

ಇನ್ನು ಬೋರ್‌ವೆಲ್ ನೀರು. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಪಾಂಡವಪುರದ ಹೆಣ್ಣನ್ನು ಮಳೆ ನಂಬಿದ ನಾಗಮಂಗಲದ ಹಳ್ಳಿಗೆ ಮದುವೆ ಮಾಡಿಕೊಟ್ಟರೆ ಮೊದಲ ದೂರು ‘ಈ ನೀರಿಗೆ ತಲೆ ನಿಲ್ಲಲ್ಲ’ ಎಂಬುದು. ಗಡಸು ನೀರಿನ ಸುಣ್ಣದ ಅಂಶ ಸಾಬೂನಿನೊಂದಿಗೆ ಸೇರಿ ಗಸಿಯಾಗಿ ಕೂದಲಿಗೆ ಅಂಟಿಕೊಳ್ಳುತ್ತದೆ. ಕೂದಲು ಒರಟಾಗಿ, ಸಿಕ್ಕಾಗಿ, ಬಾಚುವಾಗ ನಡುವೆ ತುಂಡಾಗುತ್ತದೆ. ಸೀಗೆಕಾಯಿ, ಅಂಟುವಾಳದ ನೊರೆ ಹಾಗೆ ಗಸಿ ಕಟ್ಟುವುದಿಲ್ಲ. ಹಿಂದಿನವರ ಆಯ್ಕೆಯಲ್ಲಿ ವಿವೇಕವಿತ್ತು. ಆದರೆ ತುಂಡಾಗುವುದಕ್ಕೂ ಬುಡದಿಂದ ಬೀಳುವುದಕ್ಕೂ ವ್ಯತ್ಯಾಸವಿದೆ. ಬಿದ್ದ ಎಳೆಯ ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಬಿಳಿಯ ಗಂಟು ಇದ್ದರೆ ಅದು ಬುಡದಿಂದ ಬಂದದ್ದು. ಆ ತಪ್ಪನ್ನು ನೀರಿನ ಮೇಲೆ ಹಾಕುವಂತಿಲ್ಲ. ಮದುವೆಯಾಗಿ ಬಂದವಳ ಕೂದಲು ಬುಡದಿಂದ ಉದುರುತ್ತಿದ್ದರೆ ಆ ಮನೆಯಲ್ಲಿ ಅವಳು ಎಷ್ಟು ಹೊತ್ತಿಗೆ ಉಣ್ಣುತ್ತಾಳೆ, ಎಲ್ಲರ ಊಟ ಮುಗಿದ ಮೇಲೆ ಪಾತ್ರೆಯ ತಳದಲ್ಲಿ ಏನು ಉಳಿದಿರುತ್ತದೆ ಎಂದು ನೋಡುವುದು ಮೇಲು.

ಶಾಲೆಗಳೂ ಈ ವಿಷಯದಲ್ಲಿ ಹೊಣೆ ಹೊರಬೇಕು. ಎರಡು ಜಡೆ ಬಿಗಿಯಾಗಿ ಹೆಣೆದು, ಮಡಚಿ, ರಿಬ್ಬನ್ ಕಟ್ಟಿಕೊಂಡು ಬರಬೇಕೆಂಬ ಶಿಸ್ತನ್ನು ಹೆಮ್ಮೆಯಿಂದ ಪಾಲಿಸುತ್ತೇವೆ. ದಿನವೂ ಹತ್ತು ತಾಸು ಹೀಗೆ ಎಳೆದು ಕಟ್ಟಿದರೆ ಹಣೆಯ ಅಂಚಿನ ಮತ್ತು ಕಿವಿಯ ಮೇಲಿನ ಕೂದಲು ಕ್ರಮೇಣ ತೆಳುವಾಗುತ್ತದೆ. ವರ್ಷಗಟ್ಟಲೆ ಮುಂದುವರಿದರೆ ಆ ಕುಳಿಗಳು ಶಾಶ್ವತವಾಗಿ ಮುಚ್ಚಿಹೋಗುತ್ತವೆ. ಸಡಿಲವಾದ ಒಂದು ಜಡೆಯಿಂದ ಯಾವ ಶಾಲೆಯ ಫಲಿತಾಂಶವೂ ಕುಸಿಯದು.

ಕೂದಲು ಉಂಡದ್ದನ್ನು ಹೇಳುತ್ತದೆ ಎನ್ನುವುದಕ್ಕೆ ಮಹಾರಾಷ್ಟ್ರದ ಬುಲ್ಡಾಣಾ ಜಿಲ್ಲೆಗಿಂತ ಕಟುವಾದ ನಿದರ್ಶನ ಬೇಕಿಲ್ಲ. 2024ರ ಡಿಸೆಂಬರ್ ಮತ್ತು 2025ರ ಜನವರಿಯಲ್ಲಿ ಅಲ್ಲಿನ ಶೇಗಾಂವ್ ತಾಲ್ಲೂಕು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಹೆಂಗಸರು, ಗಂಡಸರು, ಮಕ್ಕಳೆನ್ನದೆ ಕೆಲವೇ ದಿನಗಳಲ್ಲಿ ಜನರ ತಲೆ ಬೋಳಾಯಿತು. ಮೊದಲು ಗುಮಾನಿ ಹೋದದ್ದು ನೀರಿನ ಮೇಲೆ, ಶಾಂಪೂವಿನ ಮೇಲೆ, ಶಿಲೀಂಧ್ರದ ಮೇಲೆ. ಚೇಳು ಕಡಿತದ ಚಿಕಿತ್ಸೆಗಾಗಿ ಹೆಸರಾದ ವೈದ್ಯ ಡಾ. ಹಿಮ್ಮತರಾವ್ ಬಾವಸ್ಕರ್ ಅಲ್ಲಿಗೆ ಹೋಗಿ ಜನರ ರಕ್ತವನ್ನೂ ಪಡಿತರ ಗೋಧಿಯನ್ನೂ ಪರೀಕ್ಷೆಗೆ ಒಳಪಡಿಸಿದರು. ಗೋಧಿಯಲ್ಲಿ ಸೆಲೆನಿಯಂ ಅತಿಯಾಗಿದೆ, ಕೂದಲು ಹೋಗಲು ಅದೇ ಕಾರಣ ಎಂಬುದು ಅವರ ನಿರ್ಣಯ. ಸೆಲೆನಿಯಂ ಅಲ್ಪ ಪ್ರಮಾಣದಲ್ಲಿ ದೇಹಕ್ಕೆ ಬೇಕು, ಹೆಚ್ಚಾದರೆ ವಿಷ. ಉತ್ತರ ಸಿಕ್ಕಿದ್ದು ಬಚ್ಚಲಿನಲ್ಲಲ್ಲ, ಅಡುಗೆಮನೆಯಲ್ಲಿ.

ನಮ್ಮ ಅಡುಗೆಮನೆಯಲ್ಲಿ ವಿಷವಿಲ್ಲ, ಕೊರತೆ ಇದೆ. ಅದೂ ರಾಗಿಯ ನಾಡಿನಲ್ಲಿ. ನೂರು ಗ್ರಾಂ ರಾಗಿಯಲ್ಲಿ 4 ಮಿಲಿಗ್ರಾಂಗೂ ಹೆಚ್ಚು ಕಬ್ಬಿಣವಿದೆ, ಹುರುಳಿಯಲ್ಲಿ ಅದಕ್ಕಿಂತಲೂ ಹೆಚ್ಚು. ಹಾಗಿದ್ದರೆ ರಕ್ತ ಏಕೆ ಸೊರಗುತ್ತದೆ? ಕಾಳಿನಲ್ಲೇ ಇರುವ ಫೈಟೇಟ್ ಎಂಬ ಅಂಶ ಆ ಕಬ್ಬಿಣವನ್ನು ದೇಹಕ್ಕೆ ಬಿಟ್ಟುಕೊಡುವುದಿಲ್ಲ. ಊಟದ ಬೆನ್ನಿಗೇ ಕುಡಿಯುವ ಟೀ ಉಳಿದದ್ದಕ್ಕೂ ಅಡ್ಡ ನಿಲ್ಲುತ್ತದೆ. ಬೀಗ ತೆಗೆಯುವ ಕೀಲಿಯೂ ನಮ್ಮ ಮನೆಯಲ್ಲೇ ಇದೆ. ಮೊಳಕೆ ಕಟ್ಟಿದ ಹುರುಳಿಯಲ್ಲಿ, ಮೊಳಕೆ ಬರಿಸಿದ ರಾಗಿಯಲ್ಲಿ ಫೈಟೇಟ್ ಇಳಿಯುತ್ತದೆ. ನಿಂಬೆರಸ, ನೆಲ್ಲಿಕಾಯಿಯಲ್ಲಿರುವ ಸಿ ಜೀವಸತ್ವ ಕಬ್ಬಿಣವನ್ನು ಒಳಗೆ ಸೇರಿಸುತ್ತದೆ. ನಾವು ನೆಲ್ಲಿಕಾಯಿಯನ್ನು ಎಣ್ಣೆಯಲ್ಲಿ ಕಾಯಿಸಿ ತಲೆಗೆ ಸುರಿದುಕೊಳ್ಳುತ್ತೇವೆ. ಅದನ್ನೇ ಉಪ್ಪಿನೊಂದಿಗೆ ಮುದ್ದೆಯ ಪಕ್ಕದಲ್ಲಿಟ್ಟು ತಿಂದರೆ ಕೂದಲಿನ ಬುಡಕ್ಕೆ ಅದು ಬೇಗ ತಲುಪೀತು. ಕೆರಾಟಿನ್‌ಗೆ ಪ್ರೋಟೀನ್ ಬೇಕು. ಉಪ್ಪೆಸರಿನ ಕಾಳು ಗಂಡಸರ ತಟ್ಟೆಗೂ ಬರಿಯ ಕಟ್ಟು ಹೆಂಗಸರ ತಟ್ಟೆಗೂ ಹೋಗುವ ಮನೆಯಲ್ಲಿ ಯಾವ ಶೀಸೆಯಿಂದಲೂ ಅದು ಬಾರದು.

ಕೂದಲು ಉದುರುವ ಪ್ರತಿಯೊಬ್ಬಳಿಗೂ ರಕ್ತಹೀನತೆ ಇದೆಯೆಂದಲ್ಲ. ಥೈರಾಯ್ಡ್ ಏರುಪೇರು, ಬಿ12 ಕೊರತೆ, ಹುಳುಕಡ್ಡಿ ಹೀಗೆ ಕಾರಣಗಳು ಹಲವು. ಆದರೆ ಅತಿ ಸುಲಭವಾಗಿ ಪತ್ತೆಯಾಗುವ, ಅತಿ ಅಗ್ಗವಾಗಿ ಸರಿಯಾಗುವ ಕಾರಣ ಇದೇ. ಇದನ್ನು ಸರಿಪಡಿಸಿದರೆ ಜಡೆಯೊಂದೇ ಅಲ್ಲ, ಓದುವ ಶಕ್ತಿ, ಮುಂದೆ ಹೆರಿಗೆಯ ಸುರಕ್ಷತೆ ಎಲ್ಲವೂ ಸುಧಾರಿಸುತ್ತವೆ.

ಸರ್ಕಾರದ ಕಾರ್ಯಕ್ರಮಗಳಿಗೇನೂ ಕೊರತೆಯಿಲ್ಲ. 10ರಿಂದ 19 ವರ್ಷದ ಮಕ್ಕಳಿಗೆ ವಾರಕ್ಕೊಂದು ನೀಲಿ ಮಾತ್ರೆ, ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು ಫೋಲಿಕ್ ಆಮ್ಲ. ಕೊಕ್ಕೆಹುಳು ರಕ್ತ ಹೀರದಂತೆ ಆರು ತಿಂಗಳಿಗೊಮ್ಮೆ ಜಂತುಹುಳುವಿನ ಮಾತ್ರೆ. ರಾಜ್ಯದ ಶಾಲೆಗಳಲ್ಲಿ 2013ರಿಂದ ಹಾಲು, 2024ರಿಂದ ರಾಗಿ ಮಾಲ್ಟ್. ಆದರೆ ನಾನು ಕೆಲಸ ಮಾಡಿದ ಒಂದು ಶಾಲೆಯ ಹಿತ್ತಲಿನಲ್ಲಿ ಮಳೆ ಬಂದ ಮರುದಿನ ಮಣ್ಣು ನೀಲಿಯಾಗಿರುತ್ತಿತ್ತು. ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ ಎಂಬ ಭಯಕ್ಕೆ ಮಕ್ಕಳು ಕಿಟಕಿಯಿಂದ ಎಸೆಯುತ್ತಿದ್ದರು. ಮಲ ಕಪ್ಪಾಗುವುದು ಅಪಾಯವಲ್ಲ, ಹೊಟ್ಟೆ ತೊಳಸುವುದು ಊಟದ ನಂತರ ನುಂಗಿದರೆ ತಗ್ಗುತ್ತದೆ, ಬೆಳಗಿನ ಹಾಲಿನ ಜೊತೆ ಕೊಟ್ಟರೆ ಸುಣ್ಣದ ಅಂಶ ಕಬ್ಬಿಣವನ್ನು ತಡೆಯುತ್ತದೆ- ಈ ಮೂರು ಮಾತನ್ನು ಹೇಳಲು ಎರಡು ನಿಮಿಷ ಸಾಕು. ‘ರಕ್ತ ಹೆಚ್ಚುತ್ತದೆ’ ಎಂದರೆ ಹದಿನಾಲ್ಕರ ಹುಡುಗಿ ಕಿವಿಗೊಡಳು. ‘ಜಡೆ ದಪ್ಪವಾದೀತು’ ಎಂದು ಹೇಳಿ ನೋಡಿದೆ, ಮಾತ್ರೆ ಕೇಳಿ ಪಡೆಯುವವರು ಹೆಚ್ಚಿದರು. ಆರೋಗ್ಯ ಇಲಾಖೆಯ ಭಿತ್ತಿಪತ್ರಗಳಲ್ಲಿ ಈ ಸಾಲಿಗೆ ಏಕೆ ಜಾಗವಿಲ್ಲವೋ ತಿಳಿಯದು.

ನಾಗಮಂಗಲ ತಾಲ್ಲೂಕಿನ ಚುಂಚನಗಿರಿಗೆ ಜಾತ್ರೆಯ ದಿನಗಳಲ್ಲಿ ಈ ನಾಲ್ಕೂ ತಾಲ್ಲೂಕುಗಳಿಂದ ಕುಟುಂಬ ಸಮೇತ ಜನ ಬರುತ್ತಾರೆ. ಸಮೀಪದಲ್ಲೇ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ. ಮುಡಿ ತೆಗೆಯುವ ಜಾಗದ ಪಕ್ಕದಲ್ಲಿ ಒಂದು ಮೇಜು ಹಾಕಿ, ಬಂದ ಹೆಣ್ಣುಮಕ್ಕಳ ಬೆರಳ ತುದಿಯಿಂದ ಒಂದು ಹನಿ ರಕ್ತ ಪಡೆದು ಹಿಮೋಗ್ಲೋಬಿನ್ ನೋಡಬಹುದು. 12 ಗ್ರಾಂಗಿಂತ ಕಡಿಮೆ ಬಂದವರಿಗೆ ಅಲ್ಲೇ ವೈದ್ಯರ ಸಲಹೆಯಂತೆ ಒಂದು ತಿಂಗಳ ಮಾತ್ರೆ ಕೊಟ್ಟು, ಮುಂದಿನ ಪರೀಕ್ಷೆಗೆ ಅವರೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಹೆಸರನ್ನು ಚೀಟಿಯಲ್ಲಿ ಬರೆದು ಕಳುಹಿಸಬಹುದು. ಜಿಲ್ಲಾ ಆರೋಗ್ಯಾಧಿಕಾರಿಗಳೂ ಮಠದವರೂ ಒಂದು ಮಧ್ಯಾಹ್ನ ಕುಳಿತು ಮಾತನಾಡಿದರೆ ಮುಂದಿನ ಜಾತ್ರೆಗೇ ಇದು ಆದೀತು.